ಕ್ರೀಮಿನ ಘಮ ನಿಮ್ಮ ಚರ್ಮಕ್ಕೆ ಒಗ್ಗುತ್ತದೆಯೇ? ಹೀಗೆ ನೋಡಿಕೊಳ್ಳಿ

ಮೊದಲು ಡಬ್ಬಿಯ ಹಿಂಬದಿ ಓದಿ. ‘ಪರ್ಫಂ’ ಅಥವಾ ‘ಫ್ರಾಗ್ರೆನ್ಸ್’ ಎಂದಿದ್ದರೆ ಅದು ಒಂದು ವಸ್ತುವಲ್ಲ, ಹತ್ತಾರು ರಾಸಾಯನಿಕಗಳ ಮಿಶ್ರಣ. ಪಟ್ಟಿಯ ಕೊನೆಯಲ್ಲಿ ಲಿನಲೂಲ್, ಲಿಮೊನೀನ್, ಜೆರಾನಿಯಾಲ್, ಸಿಟ್ರಾಲ್, ಯುಜಿನಾಲ್ ಇವೆಯೇ ಹುಡುಕಿ. ಅಲರ್ಜಿ ತರಬಲ್ಲವು ಎಂದು ಗುರುತಾಗಿರುವ ಹೆಸರುಗಳಿವು. ಐರೋಪ್ಯ ಒಕ್ಕೂಟದಲ್ಲಿ ಇಂಥವು ಹಚ್ಚಿ ಬಿಡುವ ಕ್ರೀಮಿನಲ್ಲಿ ಶೇ 0.001, ತೊಳೆದುಕೊಳ್ಳುವ ಫೇಸ್‌ವಾಶ್‌ನಲ್ಲಿ ಶೇ 0.01 ಮೀರಿದರೆ ಹೆಸರು ಮುದ್ರಿಸಲೇಬೇಕು. ಈ ಹತ್ತು ಪಟ್ಟಿನ ಅಂತರದಲ್ಲೇ ಒಂದು ಸುಳಿವಿದೆ: ಎಷ್ಟು ಹೊತ್ತು ಚರ್ಮದ ಮೇಲೆ ಕೂರುತ್ತದೆ ಎಂಬುದು ಮುಖ್ಯ. ಘಮ ಬೇಕೇ ಬೇಕು ಎನ್ನುವವರು ಅದನ್ನು ಫೇಸ್‌ವಾಶ್‌ಗೆ ಬಿಟ್ಟು, ರಾತ್ರಿಯಿಡೀ ಇರುವ ಕ್ರೀಮನ್ನು ಘಮವಿಲ್ಲದ್ದನ್ನೇ ಆರಿಸಿ.

‘ಕೃತಕವಲ್ಲ, ಸಹಜ’ ಎಂಬ ಸಾಲಿಗೆ ಮರುಳಾಗಬೇಡಿ. ಲ್ಯಾವೆಂಡರ್ ಎಣ್ಣೆಯ ಲಿನಲೂಲ್, ಕಾರ್ಖಾನೆಯ ಲಿನಲೂಲ್ ಎರಡೂ ಒಂದೇ ಅಣು. ಲೈರಾಲ್ ಎಂಬ ಕೃತಕ ಪರಿಮಳವನ್ನು ಅಲರ್ಜಿಯ ಕಾರಣಕ್ಕೆ ಐರೋಪ್ಯ ಒಕ್ಕೂಟ ನಿಷೇಧಿಸಿದ್ದು ನಿಜ. ಆದರೆ ಹಚ್ಚಿದ ಜಾಗಕ್ಕೆ ಬಿಸಿಲು ಬಿದ್ದರೆ ಸುಟ್ಟ ಗಾಯದಂಥ ಕಲೆ ಮಾಡಬಲ್ಲ ಬರ್ಗಪ್ಟೆನ್ ಎಂಬ ವಸ್ತು ಇರುವುದು ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಅಪ್ಪಟ ಎಣ್ಣೆಯಲ್ಲಿ. ‘ಅನ್‌ಸೆಂಟೆಡ್’ (ವಾಸನೆಯಿಲ್ಲದ್ದು) ಎಂಬ ಮಾತೂ ಅಷ್ಟೇ. ಮೂಲ ವಾಸನೆ ಮುಚ್ಚಲು ಬೇರೊಂದು ಪರಿಮಳ ಸೇರಿಸಿರಬಹುದು. ನಂಬಬೇಕಾದ್ದು ಪಟ್ಟಿಯನ್ನು.

ಇನ್ನು ಪರೀಕ್ಷೆ. ಮುಂದೋಳಿನ ಒಳಬದಿಯಲ್ಲಿ, ಮೊಣಕೈ ಮಡಿಕೆಯ ಹತ್ತಿರ, 5 ಸೆಂ.ಮೀ. ಚೌಕದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲ ಕ್ರೀಮ್ ಹಚ್ಚಿ. ಮುಖಕ್ಕೆ ಎಷ್ಟು ದಪ್ಪ ಹಚ್ಚುತ್ತೀರೋ ಅಷ್ಟೇ. ಕನಿಷ್ಠ 7 ದಿನ, ಸಾಧ್ಯವಾದರೆ 14 ದಿನ. ಬಹುತೇಕರು ಎಡವುವುದು ಇಲ್ಲಿಯೇ: ಕಿವಿಯ ಹಿಂದೆ ಒಮ್ಮೆ ಸವರಿ, ಗಂಟೆ ಕಾದು, ‘ಏನೂ ಆಗಲಿಲ್ಲ’ ಎಂದು ಮುಖಕ್ಕೆ ಮೆತ್ತುತ್ತಾರೆ. ಹಚ್ಚಿದ ಕೂಡಲೇ ಉರಿದರೆ ಅದು ಸಾಮಾನ್ಯವಾಗಿ ಬರೀ ಕಿರಿಕಿರಿ. ಅಲರ್ಜಿಯ ತುರಿಕೆ, ಕೆಂಪು, ಸಣ್ಣ ಗುಳ್ಳೆ ಕಾಣಲು ಒಂದರಿಂದ ಮೂರು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಒಂದು ಸಲಕ್ಕೆ ಒಂದೇ ಉತ್ಪನ್ನ. ಆ ಜಾಗಕ್ಕೆ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದರೆ ಪರೀಕ್ಷೆ ವ್ಯರ್ಥ, ಅದು ಅಲರ್ಜಿಯನ್ನು ಅಡಗಿಸಿಬಿಡುತ್ತದೆ. ಫೇಸ್‌ವಾಶ್, ಶ್ಯಾಂಪೂಗಳನ್ನು ಹೀಗೆ ಹಚ್ಚಿ ಬಿಡಬೇಡಿ. ಅವು ಯಾರ ಚರ್ಮವನ್ನಾದರೂ ಕೆರಳಿಸುತ್ತವೆ.

ಪರೀಕ್ಷೆಯಲ್ಲಿ ಪಾಸಾದ ಕ್ರೀಮೂ ತಿಂಗಳುಗಳ ನಂತರ ತಿರುಗಿಬೀಳಬಹುದು. ಚರ್ಮ ಆ ವಸ್ತುವನ್ನು ನಿಧಾನವಾಗಿ ‘ಶತ್ರು’ ಎಂದು ಕಲಿತಿರುತ್ತದೆ. ಡಬ್ಬಿಯೊಳಗಿನ ಕ್ರೀಮೂ ಬದಲಾಗಿರುತ್ತದೆ: ಲಿನಲೂಲ್, ಲಿಮೊನೀನ್ ತಾಜಾ ಇದ್ದಾಗ ಅಷ್ಟೇನೂ ತೊಂದರೆ ಕೊಡುವವಲ್ಲ, ಗಾಳಿ ತಾಗಿ ಉತ್ಕರ್ಷಣಗೊಂಡಾಗ ಹುಟ್ಟುವ ಹೈಡ್ರೊಪೆರಾಕ್ಸೈಡ್ ಎಂಬ ಹೊಸ ವಸ್ತುಗಳೇ ಕೆಟ್ಟವು. ಮುಚ್ಚಳ ಬಿಗಿ ಮಾಡಿ, ಬಿಸಿಲು ತಾಗದ ತಂಪು ಜಾಗದಲ್ಲಿಡಿ. ಡಬ್ಬಿಯ ಮೇಲೆ ಮುದ್ರಿಸಿದ, ಮುಚ್ಚಳ ತೆರೆದ ಡಬ್ಬಿಯ ಪುಟ್ಟ ಚಿತ್ರದೊಳಗೆ 12 ಎಂದಿದ್ದರೆ, ತೆರೆದ 12 ತಿಂಗಳಿಗೆ ಎಸೆಯಿರಿ. ಅರ್ಧ ಉಳಿದಿದೆಯಲ್ಲ ಎಂಬ ಜಿಪುಣತನ ಇಲ್ಲಿ ಬೇಡ.

ಕೆರಳಿತೇ? ಪರಿಮಳವಿರುವ ಎಲ್ಲವನ್ನೂ ನಿಲ್ಲಿಸಿ, ಸಾದಾ ಪೆಟ್ರೋಲಿಯಂ ಜೆಲ್ಲಿ ಮಾತ್ರ ಹಚ್ಚಿ. ಕಡಿಮೆಯಾಗದಿದ್ದರೆ ಅಥವಾ ಮರುಕಳಿಸಿದರೆ ಚರ್ಮತಜ್ಞರಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿ. ಅಲರ್ಜಿ ತರಬಲ್ಲ ವಸ್ತುಗಳನ್ನು ಹಾಕಿ ಬೆನ್ನಿಗೆ ಅಂಟಿಸಿದ ಪಟ್ಟಿ 48 ಗಂಟೆ ಇರುತ್ತದೆ. ತೆಗೆದಾಗ ಒಮ್ಮೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಅಲ್ಲಿಯವರೆಗೆ ಬೆನ್ನು ಒದ್ದೆಯಾಗಬಾರದು, ಬೆವರಬಾರದು. ಬಳಸುತ್ತಿದ್ದ ಡಬ್ಬಿಗಳನ್ನೂ ಒಯ್ಯಿರಿ. ರೆಪ್ಪೆಯ ಮೇಲೆ ಮಾತ್ರ ತುರಿಕೆಯಿದ್ದರೆ ಶ್ಯಾಂಪೂ, ಉಗುರು ಬಣ್ಣಗಳನ್ನೂ ಮರೆಯಬೇಡಿ. ರೆಪ್ಪೆಯ ಚರ್ಮ ತೀರಾ ತೆಳು, ಎಲ್ಲೋ ಹಚ್ಚಿದ್ದಕ್ಕೂ ಮೊದಲು ಕೆರಳುವುದು ಅದೇ.