ವರ್ಷ ಅಲ್ಲ, ಬ್ಯಾಂಕು ನೋಡಿ: ಅಮೆರಿಕದ ಹಳೇ ನೋಟುಗಳ ಜೊತೆ ನನ್ನ ಅನುಭವ

ಅಮೆರಿಕಕ್ಕೆ ಬಂದ ಮೇಲೆ ಹತ್ತಿದ ಹುಚ್ಚು ಇದು. 1863ರಿಂದ 1935ರವರೆಗೆ ಇಲ್ಲಿ ಸಣ್ಣ ಊರಿನ ನ್ಯಾಷನಲ್ ಬ್ಯಾಂಕುಗಳೂ (ಕೇಂದ್ರ ಸರ್ಕಾರದ ಪರವಾನಗಿ ಪಡೆದ ಖಾಸಗಿ ಬ್ಯಾಂಕುಗಳು) ತಮ್ಮ ಹೆಸರಿನಲ್ಲೇ ನೋಟು ಹೊರಡಿಸುತ್ತಿದ್ದವು. ಯಾರಾದರೂ ಒಂದು ನೋಟು ತಂದು "ಇಷ್ಟು ಹಳೇದು, ಎಷ್ಟು ಬರಬಹುದು?" ಅಂದರೆ ನಾನು ಮೊದಲು ನೋಡುವುದು ಬ್ಯಾಂಕಿನ ಹೆಸರು, ಊರು ಮತ್ತು ಚಾರ್ಟರ್ ನಂಬರ್, ಅಂದರೆ ಸರ್ಕಾರ ಆ ಬ್ಯಾಂಕಿಗೆ ಕೊಟ್ಟ ಪರವಾನಗಿ ಸಂಖ್ಯೆ.

ಮೊನ್ನೆ ಗೆಳೆಯರೊಬ್ಬರು ತಂದದ್ದು 1929ರ ಸರಣಿಯ ಹತ್ತು ಡಾಲರ್. ಕಂದು ಮುದ್ರೆ, ನಡುವೆ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಚಿತ್ರ, ಎಡಗಡೆ ಪೆನ್ಸಿಲ್ವೇನಿಯಾದ ಒಂದು ಪುಟ್ಟ ಊರಿನ ಬ್ಯಾಂಕಿನ ಹೆಸರು. ಎರಡೂ ಅಂಚಿನಲ್ಲಿ ಕಪ್ಪು ಅಕ್ಷರದ ಚಾರ್ಟರ್ ನಂಬರ್ ಇತ್ತು. ಅದೇ ನಂಬರ್ ಸೀರಿಯಲ್ ನಂಬರ್ ಪಕ್ಕ ಕಂದು ಬಣ್ಣದಲ್ಲೂ ಇದ್ದಿದ್ದರೆ ಅದು 'ಟೈಪ್ 2', ಅಂದರೆ ಕೊನೆಯ ವರ್ಷಗಳದ್ದು. ಇಲ್ಲಿ ಇರಲಿಲ್ಲ, ಹಾಗಾಗಿ ಟೈಪ್ 1. ಚಾರ್ಟರ್ ನಂಬರ್ ಜಾಗದಲ್ಲಿ ದಪ್ಪನೆಯ ಒಂದೇ ಅಕ್ಷರ ಇದ್ದರೆ ಅದು ಊರಿನ ಬ್ಯಾಂಕಿನದ್ದಲ್ಲ, ಫೆಡರಲ್ ರಿಸರ್ವ್ (ಅಮೆರಿಕದ ಕೇಂದ್ರ ಬ್ಯಾಂಕ್ ವ್ಯವಸ್ಥೆ) ಬ್ಯಾಂಕಿನ ನೋಟು. ಅದರ ಮೇಲ್ಗಡೆಯೂ 'ನ್ಯಾಷನಲ್ ಕರೆನ್ಸಿ' ಅಂತಲೇ ಬರೆದಿರುತ್ತೆ, ಹೊಸಬರಿಗೆ ಗೊಂದಲ ಆಗೋದು ಸಹಜ ಅಲ್ವಾ?

ಆಮೇಲೆ ಆ ಬ್ಯಾಂಕಿನ ಎಷ್ಟು ನೋಟು ಉಳಿದಿವೆ ಅಂತ ಹುಡುಕುತ್ತೇನೆ. ಸಂಗ್ರಾಹಕರು ಬ್ಯಾಂಕುವಾರು ಲೆಕ್ಕ ಇಟ್ಟಿದ್ದಾರೆ, ಅದನ್ನು ಸೆನ್ಸಸ್ ಅನ್ನುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದ ಬ್ಯಾಂಕ್ ಆಫ್ ಅಮೆರಿಕದ (ಚಾರ್ಟರ್ 13044) 1929ರ ನೋಟು ಬೇಕಾದಷ್ಟು ಸಿಗುತ್ತೆ, ಬೆಲೆಯೂ ಅಷ್ಟಕ್ಕಷ್ಟೇ. ಅದೇ ಸರಣಿಯ, ಅದೇ ಹತ್ತು ಡಾಲರ್, ನೆವಾಡಾದ ಒಂದು ಸಣ್ಣ ಊರಿನದ್ದಾದರೆ ಕಥೆಯೇ ಬೇರೆ.

ಇನ್ನು ನೋಟಿನ ಸ್ಥಿತಿ. ಟಾರ್ಚ್ ಬೆಳಕನ್ನು ಪಕ್ಕದಿಂದ ಬಿಟ್ಟು ನೋಡುತ್ತೇನೆ. ಇಸ್ತ್ರಿ ಹಾಕಿ ಮರೆಸಿದ ಮಡಿಕೆಯ ಗೆರೆ ಆಗ ಎದ್ದು ಕಾಣುತ್ತೆ. ಬೆನ್ನಿಗೆ ದೀಪ ಹಿಡಿದರೆ ಪಿನ್ನಿನ ತೂತು, ಅಂಟಿಸಿದ ಹರುಕು ತಿಳಿಯುತ್ತೆ. ತೊಳೆದ ನೋಟಿನ ಬಣ್ಣ ಮಾಸಿ, ಕಾಗದ ಒಗೆದ ಬಟ್ಟೆ ಥರ ಮೆತ್ತಗಾಗಿರುತ್ತೆ. ದಯವಿಟ್ಟು ಸುಮ್ನೆ ತೊಳೆಯೋಕೆ ಹೋಗಬೇಡಿ, ಕೊಳೆಗಿಂತ ಜಾಸ್ತಿ ಬೆಲೆಯೇ ಹೋಗುತ್ತೆ! 1929ಕ್ಕೆ ಮುಂಚಿನ, ಗಾತ್ರದಲ್ಲಿ ದೊಡ್ಡದಾದ ನೋಟುಗಳಲ್ಲಿ ಬ್ಯಾಂಕಿನ ಪ್ರೆಸಿಡೆಂಟ್, ಕ್ಯಾಷಿಯರ್ ಪೆನ್ನಿನಿಂದ ಹಾಕಿದ ಸಹಿ ಅಳಿಸದೆ ಉಳಿದಿದ್ದರೆ ನನಗಂತೂ ಖುಷಿ.

ಕೊನೆಗೆ ಬೆಲೆ. ಮಾರಾಟಕ್ಕಿಟ್ಟವರು ಕೇಳುವ ಬೆಲೆಯನ್ನು ನಾನು ನಂಬುವುದಿಲ್ಲ. ಹೆರಿಟೇಜ್, ಸ್ಟ್ಯಾಕ್ಸ್ ಬೋವರ್ಸ್‌ನಂಥ ಹರಾಜು ಸಂಸ್ಥೆಗಳ ಹಳೇ ದಾಖಲೆಯಲ್ಲಿ ಅದೇ ಬ್ಯಾಂಕಿನ, ಹೆಚ್ಚುಕಡಿಮೆ ಅದೇ ಸ್ಥಿತಿಯ ನೋಟು ನಿಜಕ್ಕೂ ಎಷ್ಟಕ್ಕೆ ಹೋಯಿತು ಅಂತ ನೋಡುತ್ತೇನೆ. ಆ ಅಂಕಿಯಲ್ಲಿ ಸಾಮಾನ್ಯವಾಗಿ ಕೊಳ್ಳುವವರು ಹರಾಜಿನವರಿಗೆ ಕೊಡುವ ಕಮಿಷನ್ನೂ ಸೇರಿರುತ್ತೆ. ಹಾಗಾಗಿ ಗೆಳೆಯರಿಗೆ ಎರಡು ಮೊತ್ತ ಹೇಳಿದೆ: ಕೊಳ್ಳಲು ಹೋದರೆ ಎಷ್ಟು, ಮಾರಿದರೆ ಕೈಗೆ ಎಷ್ಟು. ಎರಡನೆಯದು ಕೇಳಿ, ನೋಟನ್ನು ವಾಪಸ್ ಕವರಿಗೆ ಹಾಕಿಕೊಂಡರು.