ನಂದಿ ತಪ್ಪಲಿನಲ್ಲಿ ಹೋಂಸ್ಟೇ: ಮುಂಗಡ ಕೊಡುವ ಮೊದಲು

ಭಾನುವಾರ ಇನ್ನೂ ಕತ್ತಲಿರುವಾಗಲೇ ನಂದಿ ಬೆಟ್ಟದ ರಸ್ತೆಯಲ್ಲಿ ಕಾರುಗಳ ಸಾಲು ಬೆಳೆಯುತ್ತದೆ. ಸೂರ್ಯೋದಯ ನೋಡಿ ಇಳಿದವರು ಭೋಗನಂದೀಶ್ವರನ ಗುಡಿಗೆ ಬರುತ್ತಾರೆ, ಕೆಲವರು ಸ್ಕಂದಗಿರಿ ಹತ್ತುತ್ತಾರೆ. 2023ರ ಜನವರಿಯಲ್ಲಿ ಆವಲಗುರ್ಕಿ ಬಳಿ ಆದಿಯೋಗಿ ಪ್ರತಿಮೆ ಅನಾವರಣಗೊಂಡ ಮೇಲೆ ಸಂಜೆಯ ಹೊತ್ತಿಗೂ ಜನ ಬರತೊಡಗಿದರು. ಬಂದವರು ಒಂದು ರಾತ್ರಿ ತಂಗಬೇಕಲ್ಲ? ದ್ರಾಕ್ಷಿ ಚಪ್ಪರಗಳ ನಡುವೆ ಬೋರ್ಡುಗಳು ಎದ್ದದ್ದು ಹೀಗೆ: ಹತ್ತು ಗುಂಟೆ ತೋಟ, ಎರಡು ಕೋಣೆಯ ಮನೆ, ವಾರಾಂತ್ಯಕ್ಕೆ ಬಾಡಿಗೆಗೆ ಬಿಟ್ಟರೆ ತಿಂಗಳಿಗೆ ಇಂತಿಷ್ಟು ಆದಾಯ ಖಾತರಿ.

ಆ ಬೋರ್ಡಿನ ಮೇಲಿನ ಸಂಖ್ಯೆಗೆ ಕರೆ ಮಾಡುವ ಮೊದಲು ಏನೇನು ನೋಡಬೇಕು ಎಂಬುದು ಈ ಲೇಖನದ ವಿಷಯ. ನಮ್ಮ ಹತ್ತಿರದ ಸಂಬಂಧಿಕರೊಬ್ಬರು ನಿವೃತ್ತಿಯಿಂದ ಬಂದ ಹಣದಲ್ಲಿ ಹೀಗೆ ಎಂಟು ಗುಂಟೆಗೆ ಮುಂಗಡ ಕೊಟ್ಟು ಎರಡು ವರ್ಷ ಅಲೆದರು. ಅವರ ಜೊತೆ ಕಚೇರಿಯಿಂದ ಕಚೇರಿಗೆ ಓಡಾಡುವಾಗ ಕಲಿತದ್ದೂ ಇದರಲ್ಲಿ ಸೇರಿದೆ.

ಮೊದಲ ಪ್ರಶ್ನೆ: ರಾತ್ರಿ ಆ ಮನೆಯಲ್ಲಿ ಯಾರಿರುತ್ತಾರೆ?

ಕಾಗದಪತ್ರ ತೆರೆಯುವ ಮೊದಲು ಈ ಪ್ರಶ್ನೆಗೆ ಉತ್ತರ ಕೊಟ್ಟುಕೊಳ್ಳಿ. ಹೋಂಸ್ಟೇ ಎಂದರೆ ಮಾಲೀಕರು ವಾಸವಿರುವ ಮನೆಯಲ್ಲಿ ಅತಿಥಿಗೂ ಒಂದು ಕೋಣೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಮಾರ್ಗಸೂಚಿಯಲ್ಲಿ ಮಾಲೀಕರು ಕುಟುಂಬ ಸಮೇತ ಅಲ್ಲೇ ವಾಸವಿರಬೇಕು ಎಂಬುದು ಮೂಲ ಷರತ್ತು. ಅತಿಥಿಗೆ ಕೊಡುವ ಕೋಣೆಗಳು ಒಂದರಿಂದ ಆರು, ಹಾಸಿಗೆಗಳು ಹನ್ನೆರಡನ್ನು ಮೀರುವಂತಿಲ್ಲ. ನೀವು ಬೆಂಗಳೂರಿನ ಮಲ್ಲೇಶ್ವರದಲ್ಲಿದ್ದು, ಇಲ್ಲಿ ಒಬ್ಬ ಕಾವಲುಗಾರನ ಕೈಗೆ ಬೀಗದ ಕೈ ಕೊಟ್ಟಿದ್ದರೆ ಅದು ಹೋಂಸ್ಟೇ ಅಲ್ಲ, ವಸತಿಗೃಹ. ಬೋರ್ಡಿನಲ್ಲಿ ಏನು ಬರೆದಿದ್ದರೂ ಅದಕ್ಕೆ ಬೇಕಾದ ಅನುಮತಿಗಳ ದಾರಿಯೇ ಬೇರೆ.

ಜಗತ್ತಿನ ದೊಡ್ಡ ನಗರಗಳೂ ಇದೇ ಪ್ರಶ್ನೆಯನ್ನು ಹಿಡಿದು ಹೊರಟಿವೆ. ನ್ಯೂಯಾರ್ಕ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ ಜಾರಿಯಾದ ನಿಯಮದ ಪ್ರಕಾರ, ಮೂವತ್ತು ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವವರು ನಗರಾಡಳಿತದಲ್ಲಿ ನೋಂದಾಯಿಸಿಕೊಂಡು, ಅತಿಥಿ ಇರುವಷ್ಟು ದಿನ ತಾವೂ ಅಲ್ಲೇ ಇರಬೇಕು. ಒಂದು ಸಲಕ್ಕೆ ಇಬ್ಬರೇ ಅತಿಥಿಗಳು. ಲಂಡನ್‌ನಲ್ಲಿ ವಿಶೇಷ ಅನುಮತಿ ಇಲ್ಲದೆ ವರ್ಷಕ್ಕೆ 90 ರಾತ್ರಿ ಮೀರುವಂತಿಲ್ಲ. ಬಾರ್ಸಿಲೋನಾದ ಮೇಯರ್ 2024ರ ಜೂನ್‌ನಲ್ಲಿ, ಅಲ್ಲಿನ ಹತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿ ಫ್ಲಾಟ್‌ಗಳ ಪರವಾನಗಿಯನ್ನು 2028ರ ನವೆಂಬರ್ ವೇಳೆಗೆ ಕೊನೆಗೊಳಿಸುವುದಾಗಿ ಪ್ರಕಟಿಸಿದರು. ಪ್ರವಾಸಿಗರ ಬಾಡಿಗೆಯ ಭರದಲ್ಲಿ ಊರಿನವರಿಗೇ ಮನೆ ಸಿಗದಂತಾಯಿತು ಎಂಬುದು ಅಲ್ಲಿನ ದೂರು. ಚಿಕ್ಕಬಳ್ಳಾಪುರದಲ್ಲಿ ಮನೆಗಿಂತ ಮೊದಲು ನೀರಿನ ದೂರು ಬರುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಜಮೀನಿನ ಕಾಗದ: ಇಲ್ಲಿ ಅವಸರ ಬೇಡ

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ರದ್ದಾದವು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಯಿತು. ಮಧ್ಯವರ್ತಿಗಳು ಇಷ್ಟನ್ನು ಹೇಳಿ ನಿಲ್ಲಿಸುತ್ತಾರೆ. ಕೊಳ್ಳಬಹುದು ಎಂದರೆ ಅದರ ಮೇಲೆ ಏನನ್ನಾದರೂ ಕಟ್ಟಿ ಬಾಡಿಗೆಗೆ ಬಿಡಬಹುದು ಎಂದಲ್ಲ. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಭೂಕಂದಾಯ ಕಾಯ್ದೆಯ 95ನೇ ಕಲಮಿನ ಅಡಿ ಜಿಲ್ಲಾಧಿಕಾರಿಯವರಿಂದ ಭೂ ಪರಿವರ್ತನೆ ಆಗಬೇಕು. ಹಳ್ಳಿಯಲ್ಲಿ ಇದಕ್ಕೆ ಅನ್ಯಕ್ರಾಂತ ಎನ್ನುತ್ತಾರೆ.

‘ತೋಟದ ಮನೆಗೆ ಪರಿವರ್ತನೆ ಬೇಡ ಸರ್’ ಎಂಬ ಮಾತು ನಿಮ್ಮ ಕಿವಿಗೂ ಬೀಳುತ್ತದೆ. ಅದು ಅರ್ಧ ನಿಜ, ಅಪಾಯ ಉಳಿದರ್ಧದಲ್ಲಿದೆ. ಅದೇ ಕಾನೂನಿನ ಪ್ರಕಾರ ತೋಟದ ಮನೆ ಹಿಡುವಳಿಯ ಶೇಕಡ ಹತ್ತನ್ನು ಮೀರಬಾರದು. ರೈತ ಅದನ್ನು ತನ್ನ ವಾಸಕ್ಕೆ, ಸಲಕರಣೆ ಇಡಲು, ದನ ಕಟ್ಟಲು ಬಳಸಬೇಕು. ವಾಣಿಜ್ಯ ಚಟುವಟಿಕೆಗೆ ಬಾಡಿಗೆಗೆ ಕೊಡುವಂತಿಲ್ಲ. ಹಾಗಾಗಿ ಪರಿವರ್ತನೆಯಾಗದ ಹತ್ತು ಗುಂಟೆಯಲ್ಲಿ ಈಜುಕೊಳದ ಜೊತೆ ಮನೆ ಕಟ್ಟಿ ಆ್ಯಪ್‌ನಲ್ಲಿ ಹಾಕಿದರೆ ಅದನ್ನು ತೋಟದ ಮನೆ ಎಂದು ಸಮರ್ಥಿಸಿಕೊಳ್ಳಲು ಆಗುವುದಿಲ್ಲ. 96ನೇ ಕಲಮು ಅನಧಿಕೃತ ಬಳಕೆಗೆ ದಂಡವನ್ನೂ ತೆರವನ್ನೂ ಹೇಳುತ್ತದೆ.

ಇನ್ನು ಪಹಣಿ, ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆ. ಮೊಬೈಲಿನಲ್ಲಿ ಸಿಗುವ ಒಂದು ಪುಟ ಸಾಲದು. ಹಳೆಯ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ), ಮೂಲ ಮಂಜೂರಾತಿ ಆದೇಶ, ಋಣಭಾರ ಪತ್ರ ಎಲ್ಲವನ್ನೂ ಒಟ್ಟಿಗೆ ಇಟ್ಟು ಓದಬೇಕು. ಸರ್ಕಾರ ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಮಂಜೂರು ಮಾಡಿದ ಜಮೀನಾಗಿದ್ದರೆ ಇಂಥ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಪೂರ್ವಾನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ. 2023ರ ತಿದ್ದುಪಡಿಯ ನಂತರ ‘ತುಂಬಾ ಹಳೆಯ ಮಾರಾಟ, ಈಗ ಯಾರೂ ಕೇಳುವುದಿಲ್ಲ’ ಎಂಬ ಸಮಾಧಾನಕ್ಕೆ ಆಧಾರವಿಲ್ಲ. ಆ ಜಮೀನು ಬಡವರ ಕೈ ತಪ್ಪಬಾರದು ಎಂದೇ ಈ ಕಾನೂನು ಬಂದದ್ದು. ಅಂಥದ್ದನ್ನು ಕೊಳ್ಳುವುದು ಕಾನೂನಿನ ದೃಷ್ಟಿಯಿಂದ ಮಾತ್ರವಲ್ಲ, ನ್ಯಾಯದ ದೃಷ್ಟಿಯಿಂದಲೂ ತಪ್ಪು ಎಂದೇ ನನ್ನ ನಂಬಿಕೆ.

ಖರಾಬು ಎಷ್ಟು ಎಂದು ನೋಡಿ. ಎ ಖರಾಬು ಬೇಸಾಯಕ್ಕೆ ಬಾರದ ನೆಲ. ಬಿ ಖರಾಬು ಎಂದರೆ ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಸ್ವತ್ತು. ಬೆಟ್ಟದ ತಪ್ಪಲಿನಲ್ಲಿ ಬಂಡೆಯೂ ಹಳ್ಳವೂ ಹೆಚ್ಚಿರುವುದರಿಂದ ಎರಡೂ ಸಿಗುತ್ತವೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಿಡಿದು ಜಮೀನಿನ ಮೇಲೆ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂಬುದು ತೋರುತ್ತದೆ. ಅದು ಸುಳಿವು ಮಾತ್ರ, ಪುರಾವೆಯಲ್ಲ. ಸ್ಕಂದಗಿರಿ ಕಡೆ ಅರಣ್ಯದ ಗಡಿಗೆ ತಾಗಿದ ಜಮೀನಾದರೆ ಸರ್ವೆ ಮಾಡಿಸದೆ ಹೆಜ್ಜೆ ಇಡಬೇಡಿ.

ನಮ್ಮ ಸಂಬಂಧಿಕರು ಎಡವಿದ್ದು ಪೋಡಿಯಲ್ಲಿ, ಅಂದರೆ ಜಂಟಿ ಜಮೀನನ್ನು ಅಳೆದು ಪಾಲು ಬೇರೆ ಮಾಡುವ ಸರ್ವೆಯಲ್ಲಿ. ಪಹಣಿಯಲ್ಲಿ ಏಳು ಜನರ ಹೆಸರು ಜಂಟಿಯಾಗಿತ್ತು. ಅವರಿಗೆ ತೋರಿಸಿದ ಎಂಟು ಗುಂಟೆ ಬಣ್ಣದ ನಕ್ಷೆಯಲ್ಲಿ ಇತ್ತೇ ಹೊರತು ಸರ್ವೆ ದಾಖಲೆಯಲ್ಲಿ ಇರಲಿಲ್ಲ. ಸರ್ವೆ ನಂಬರಿನ ಒಂದು ಭಾಗವನ್ನು ನೋಂದಾಯಿಸಲು, ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಅದನ್ನು ಮಾಡಿಸುವ ಹೊತ್ತಿಗೆ ಅಣ್ಣತಮ್ಮಂದಿರಲ್ಲಿ ಇಬ್ಬರು ಸಹಿ ಹಾಕಲು ಒಪ್ಪಲಿಲ್ಲ. ಮುಂಗಡದಲ್ಲಿ ಅರ್ಧ ಮಾತ್ರ ಹಿಂದಿರುಗಿತು.

ಪಂಚಾಯಿತಿಯ ಬಾಗಿಲು

ಪರಿವರ್ತನೆಯಾದ ಜಾಗಕ್ಕೆ ಇ-ಸ್ವತ್ತಿನಲ್ಲಿ (ಪಂಚಾಯಿತಿ ಸ್ವತ್ತುಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಸಿಗುತ್ತದೆ. 11ಬಿ ಇದ್ದರೆ ಅದು ತೆರಿಗೆ ವಸೂಲಿಗೆ ದಾಖಲಿಸಿಕೊಂಡ ಸ್ವತ್ತು. ತೆರಿಗೆ ಕಟ್ಟಿದ ರಸೀದಿ ಇದೆ ಎಂದ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ. ಮಾರುವವರು ಈ ರಸೀದಿಯನ್ನೇ ಮುಂದೆ ಹಿಡಿಯುತ್ತಾರೆ.

ಕಟ್ಟಡ ಪರವಾನಗಿ, ಯೋಜನಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದ್ದರೆ ಅದರ ಒಪ್ಪಿಗೆ, ವಸತಿ ವ್ಯಾಪಾರಕ್ಕೆ ಸ್ಥಳೀಯ ಸಂಸ್ಥೆಯ ಲೈಸೆನ್ಸ್ ಎಲ್ಲವೂ ಪ್ರತ್ಯೇಕ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಬಾಯಿಮಾತನ್ನು ನೆಚ್ಚದೆ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಿರಿ. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಪಟ್ಟಣಗಳ ಒಳಗಾದರೆ ಪಂಚಾಯಿತಿಯ ಬದಲು ನಗರಸಭೆ.

ನಂದಿ ಗ್ರಾಮದವರಿಗೆ ಇನ್ನೊಂದು ಸೂಚನೆ. ಭೋಗನಂದೀಶ್ವರ ದೇವಾಲಯ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಸಂರಕ್ಷಿತ ಗಡಿಯಿಂದ 100 ಮೀಟರ್ ವರೆಗೆ ಹೊಸ ನಿರ್ಮಾಣ ನಿಷಿದ್ಧ. ಅಲ್ಲಿಂದಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಇದನ್ನು ಹಗುರವಾಗಿ ಕಂಡರೆ ಏನಾಗುತ್ತದೆ ಎಂಬುದಕ್ಕೆ ಹಂಪಿಯ ಎದುರು ದಡದ ವಿರೂಪಾಪುರಗಡ್ಡೆಯನ್ನು ನೆನೆಯಬೇಕು. ಅಲ್ಲಿನ ರೆಸಾರ್ಟ್ ಮತ್ತು ಅತಿಥಿಗೃಹಗಳನ್ನು ಕೆಡವುವ ಹಂಪಿ ಪ್ರಾಧಿಕಾರದ ಆದೇಶವನ್ನು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಾರ್ಚ್ ಮೊದಲ ವಾರದಲ್ಲೇ ಜೆಸಿಬಿಗಳು ಬಂದವು.

ನೀರು

ನಂದಿಯ ಸಾಲಿನಲ್ಲಿ ಐದು ನದಿಗಳು ಹುಟ್ಟುತ್ತವೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಸಾವಿರ ಅಡಿ ಕೊರೆದರೂ ನೀರು ಸಿಗದ ಕೊಳವೆಬಾವಿಗಳ ಕಥೆ ಪ್ರತಿ ಊರಿನಲ್ಲೂ ಇದೆ. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರನ್ನು ಪಂಪು ಮಾಡಿ ನಮ್ಮ ಕೆರೆ ತುಂಬಿಸಬೇಕಾಗಿ ಬಂದಿದೆ. ಅದೂ ಅಂತರ್ಜಲ ಮರುಪೂರಣಕ್ಕೆ, ಕುಡಿಯಲು ಅಲ್ಲ.

ಈ ನೆಲದಲ್ಲಿ ಇಪ್ಪತ್ತಡಿ ಉದ್ದ, ಹತ್ತಡಿ ಅಗಲ, ನಾಲ್ಕಡಿ ಆಳದ ಸಣ್ಣ ಈಜುಕೊಳಕ್ಕೂ 22 ಸಾವಿರ ಲೀಟರಿಗಿಂತ ಹೆಚ್ಚು ನೀರು ಬೇಕು. ಲೆಕ್ಕ ಹಾಕಿ ನೋಡಿ. ಪಕ್ಕದ ಹೊಲದವನು ಹನಿ ನೀರಾವರಿಯಲ್ಲಿ ಟೊಮೆಟೊ ಉಳಿಸಿಕೊಳ್ಳಲು ಹೆಣಗುತ್ತಿರುವಾಗ ಇದು ಕಣ್ಣಿಗೆ ಚುಚ್ಚುತ್ತದೆ. ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಕೊಳವೆಬಾವಿಗೆ 2011ರ ಅಂತರ್ಜಲ ಕಾಯ್ದೆಯಡಿ ಅನುಮತಿ ಬೇಕು. ಇರುವ ಬಾವಿಯ ಇಳುವರಿಯನ್ನು ಏಪ್ರಿಲ್ ತಿಂಗಳಲ್ಲಿ ನೋಡಿ. ಮಳೆ ಮುಗಿದ ನವೆಂಬರ್‌ನಲ್ಲಿ ತೋರಿಸಿದ್ದನ್ನು ನಂಬಬೇಡಿ. ನನ್ನನ್ನು ಕೇಳಿದರೆ ಈಜುಕೊಳವನ್ನು ಕೈಬಿಟ್ಟು ಚಾವಣಿಯ ಮಳೆನೀರು ಹಿಡಿಯುವ ತೊಟ್ಟಿ ಕಟ್ಟಿಸಿ ಎನ್ನುತ್ತೇನೆ.

ನೋಂದಣಿ, ಠಾಣೆ, ದಾಖಲೆ ಪುಸ್ತಕ

ಹೋಂಸ್ಟೇ ನೋಂದಣಿಗೆ ಜಿಲ್ಲೆಯ ಪ್ರವಾಸೋದ್ಯಮ ಇಲಾಖೆ ಕಚೇರಿಗೆ ಅರ್ಜಿ. ಜೊತೆಗೆ ಸ್ಥಳೀಯ ಸಂಸ್ಥೆಯ ಮತ್ತು ಪೊಲೀಸರ ನಿರಾಕ್ಷೇಪಣಾ ಪತ್ರ. 2025ರ ಮಾರ್ಚ್‌ನಲ್ಲಿ ಕೊಪ್ಪಳ ಜಿಲ್ಲೆಯ ಸಣಾಪುರದ ಬಳಿ ಹೋಂಸ್ಟೇ ನಡೆಸುವ ಮಹಿಳೆ ಮತ್ತು ಅವರ ಅತಿಥಿಗಳ ಮೇಲೆ ನಡೆದ ಭೀಕರ ದಾಳಿಯ ನಂತರ ರಾಜ್ಯದೆಲ್ಲೆಡೆ ಹೋಂಸ್ಟೇಗಳ ಮೇಲೆ ನಿಗಾ ಬಿಗಿಯಾಯಿತು. ಅತಿಥಿಗಳನ್ನು ರಾತ್ರಿ ಹೊತ್ತು ನಿರ್ಜನ ಬೆಟ್ಟಕ್ಕೋ ಕೆರೆ ಏರಿಗೋ ಕರೆದೊಯ್ಯುವ ‘ಅನುಭವ’ಗಳನ್ನು ಮಾರಬೇಡಿ.

ಪ್ರತಿ ಅತಿಥಿಯ ಗುರುತಿನ ಚೀಟಿ, ಬಂದ ಮತ್ತು ಹೋದ ಸಮಯವನ್ನು ಪುಸ್ತಕದಲ್ಲಿ ಬರೆಯಿರಿ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ, ಸಿ ಫಾರಂ ಎಂದೇ ಬಳಕೆಯಲ್ಲಿರುವ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಅಬಕಾರಿ ಲೈಸೆನ್ಸ್ ಇಲ್ಲದೆ ಮದ್ಯ ಮಾರುವಂತಿಲ್ಲ. ಅಡುಗೆ ಮಾಡಿ ಬಡಿಸುವುದಾದರೆ ಆಹಾರ ಸುರಕ್ಷತಾ ನೋಂದಣಿ ಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ.

ಜಿಎಸ್‌ಟಿ ಬಗ್ಗೆ ಎರಡು ಮಾತು. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ದರ ಶೇಕಡ 5.

ಖಾತರಿ ಆದಾಯದ ಲೆಕ್ಕ

ಇಲ್ಲಿಗೆ ಅತಿಥಿಗಳು ಬರುವುದು ಬಹುತೇಕ ಶುಕ್ರವಾರ ಮತ್ತು ಶನಿವಾರ ರಾತ್ರಿ. ವರ್ಷಕ್ಕೆ 104 ರಾತ್ರಿ. ಒಂದು ರಾತ್ರಿಗೆ 4,000 ರೂಪಾಯಿ ಎಂದಿಟ್ಟುಕೊಂಡು, ಒಂದೂ ವಾರ ಖಾಲಿ ಹೋಗದಿದ್ದರೆ 4.16 ಲಕ್ಷ. ಅದರಲ್ಲಿ ಆ್ಯಪ್‌ನ ಕಮಿಷನ್, ಆಳಿನ ಸಂಬಳ, ವಿದ್ಯುತ್, ಟ್ಯಾಂಕರ್, ಸುಣ್ಣಬಣ್ಣ ಕಳೆಯಿರಿ. ಉಳಿದದ್ದನ್ನು ಹೂಡಿದ ಹಣದ ಬ್ಯಾಂಕ್ ಬಡ್ಡಿಯ ಜೊತೆ ಇಟ್ಟು ನೋಡಿ. ಇದಕ್ಕಿಂತ ಹೆಚ್ಚು ‘ಖಾತರಿ’ ಕೊಡುವವರನ್ನು ಆ ಹಣ ಎಲ್ಲಿಂದ ಬರುತ್ತದೆ ಎಂದು ನೇರವಾಗಿ ಕೇಳಿ. ಅದು ನಿಮ್ಮ ನಂತರ ಸೇರಿದವರ ಮುಂಗಡವೇ ಆಗಿರಬಹುದು.

ಹಲವರಿಂದ ಹಣ ಕೂಡಿಸಿ, ಜಾಗವನ್ನು ತಾವೇ ನಡೆಸಿ, ಲಾಭ ಹಂಚುವ ಯೋಜನೆಗಳು ಷೇರುಪೇಟೆ ನಿಯಂತ್ರಕ ಸೆಬಿಯ ಸಾಮೂಹಿಕ ಹೂಡಿಕೆ ನಿಯಮಗಳ ವ್ಯಾಪ್ತಿಗೆ ಬರಬಹುದು. ಅನಿಯಂತ್ರಿತ ಠೇವಣಿ ಯೋಜನೆಗಳನ್ನು 2019ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ರಾಜ್ಯದಲ್ಲಿ ಠೇವಣಿದಾರರ ರಕ್ಷಣೆಗೆ 2004ರ ಕಾಯ್ದೆಯೂ ಇದೆ. ನೋಂದಣಿ ಸಂಖ್ಯೆ ಕೇಳಿ, ಅದನ್ನು ಸೆಬಿ ಮತ್ತು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ನೀವೇ ಹುಡುಕಿ. ಕರಪತ್ರದಲ್ಲಿ ಅಚ್ಚಾದ ಮುದ್ರೆ ಸಾಕ್ಷಿಯಲ್ಲ.

ಕೊನೆಯದಾಗಿ, ಊರಿಗೆ ಹೋಗಿ

ಮಧ್ಯವರ್ತಿಯ ಕಾರಿನಲ್ಲಿ ಬೇಡ. ಶನಿವಾರ ಸಂಜೆ ನೀವಾಗಿಯೇ ಹೋಗಿ. ಡೇರಿಗೆ ಹಾಲು ಹಾಕಲು ಬಂದವರ ಜೊತೆ ಮಾತಾಡಿ. ಆ ಜಮೀನು ಯಾರದ್ದಾಗಿತ್ತು, ಪಾಲಾಗಿದೆಯೇ, ದಾರಿ ಯಾರ ಹೊಲದ ಮೂಲಕ, ಪಕ್ಕದ ಬಾವಿ ಯಾವಾಗ ಬತ್ತಿತು ಎಂಬುದು ಅವರಿಗೆ ಪಹಣಿಗಿಂತ ಚೆನ್ನಾಗಿ ಗೊತ್ತು. ‘ನಾವು ಇಲ್ಲೇ ಬಂದು ಇರುತ್ತೇವೆ, ಎರಡು ಕೋಣೆ ಅತಿಥಿಗಳಿಗೆ’ ಎಂದು ಹೇಳಿ, ಅವರ ಮುಖ ನೋಡಿ. ಆಮೇಲೆ ರಾತ್ರಿ ಹತ್ತೂವರೆಗೆ ಅಲ್ಲೇ ಸುತ್ತಮುತ್ತ ಬಾಡಿಗೆಗೆ ಬಿಟ್ಟ ಮನೆಗಳ ಮುಂದೆ ಒಂದು ಸುತ್ತು ನಡೆದು ಬನ್ನಿ. ಹಾಡಿನ ಸದ್ದು ಎಷ್ಟು ದೂರ ಕೇಳುತ್ತದೆ, ಮೋರಿಯ ನೀರು ಎತ್ತ ಹರಿಯುತ್ತದೆ, ಬಾಗಿಲು ತಟ್ಟಿದರೆ ತೆರೆಯುವವರು ಯಾರು ಎಂದು ನೋಡಿಕೊಂಡು, ಮುಂಗಡದ ಮಾತನ್ನು ಸೋಮವಾರಕ್ಕೆ ಇಟ್ಟುಕೊಳ್ಳಿ.