ಹವಳದ ತೊಟ್ಟಿಗೆ ದೀಪ: ಕಡಿಮೆ ಖರ್ಚಿನಲ್ಲಿ ಆಯ್ದುಕೊಳ್ಳುವುದು, ಹೊಂದಿಸುವುದು ಹೇಗೆ?

ಮನೆಯಲ್ಲಿ ಪುಟ್ಟ ರೀಫ್ ಅಕ್ವೇರಿಯಂ, ಅಂದರೆ ಜೀವಂತ ಹವಳ ಸಾಕುವ ಉಪ್ಪುನೀರಿನ ತೊಟ್ಟಿ, ಇಡುವವರು ದೀಪದ ವಿಷಯದಲ್ಲಿ ಎರಡು ಬಗೆಯಲ್ಲಿ ಎಡವುವುದನ್ನು ನೋಡುತ್ತಲೇ ಬಂದಿದ್ದೇನೆ. ಕೆಲವರು ಮೀನಿನ ತೊಟ್ಟಿಯ ಜೊತೆಗೆ ಬಂದ ದೀಪವೇ ಸಾಕೆಂದು ಸುಮ್ಮನಾಗುತ್ತಾರೆ. ಹವಳ ತಿಂಗಳುಗಟ್ಟಲೆ ಸೊರಗುತ್ತದೆ. ಇನ್ನು ಕೆಲವರು ಸಿಕ್ಕಿದ್ದರಲ್ಲೇ ಅತಿ ಪ್ರಖರವಾದ ದೀಪ ತಂದು, ಮೊದಲ ದಿನವೇ ಪೂರ್ತಿ ಹಚ್ಚುತ್ತಾರೆ. ವಾರಗಳೊಳಗೆ ಹವಳ ಬೆಳ್ಳಗಾಗುತ್ತದೆ. ಹೆಚ್ಚು ಜೀವ ತೆಗೆಯುವುದು ಈ ಎರಡನೆಯ ತಪ್ಪು. ದುಬಾರಿ ದೀಪವಾಗಲಿ ಅಗ್ಗದ ದೀಪವಾಗಲಿ, ಇದರಿಂದ ತಪ್ಪಿಸಿಕೊಂಡಿಲ್ಲ. ಹಾಗಾಗಿ ದೀಪ ಕೊಳ್ಳುವ ವಿಚಾರಕ್ಕಿಂತ, ಕೊಂಡ ದೀಪವನ್ನು ಹವಳಕ್ಕೆ ಒಗ್ಗಿಸುವ ವಿಚಾರಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

1. ಮೊದಲು ಹವಳ ಯಾವುದೆಂದು ತೀರ್ಮಾನಿಸಿ

ನಾವು ಸಾಕುವ ಬಹುತೇಕ ಹವಳಗಳ ಅಂಗಾಂಶದೊಳಗೆ ಜೂಜ್ಯಾಂತೆಲ್ಲೆ ಎಂಬ ಸೂಕ್ಷ್ಮ ಪಾಚಿಗಳು ಬದುಕುತ್ತವೆ. ಬೆಳಕಿನಿಂದ ಅವು ತಯಾರಿಸುವ ಸಕ್ಕರೆಯೇ ಹವಳಕ್ಕೆ ಮುಖ್ಯ ಆಹಾರ. ಹಾಗಾಗಿ ದೀಪ ಬೇಕಿರುವುದು ಈ ಪಾಚಿಗೆ. ಅದಕ್ಕೆ ದಕ್ಕುವ ಬೆಳಕನ್ನು ‘ಪಾರ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕಿನ ಕಣಗಳು ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂಬುದರ ಲೆಕ್ಕ ಅದು. ಮೈಕ್ರೊಮೋಲ್ ಅದರ ಮಾನ.

ಮಷ್ರೂಮ್ ಹವಳಗಳಿಗೆ 30ರಿಂದ 80 ಪಾರ್ ಸಾಕು. ಝೊಯಾಂಥಿಡ್ ಮತ್ತು ಲೆದರ್ ಹವಳಗಳು 60ರಿಂದ 150ರ ನಡುವೆ ಚೆನ್ನಾಗಿರುತ್ತವೆ. ಹವಳದ ಒಂದೊಂದು ಪುಟ್ಟ ಜೀವಿಯನ್ನು ಪಾಲಿಪ್ ಎನ್ನುತ್ತಾರೆ. ಯೂಫಿಲಿಯಾದಂಥ ದೊಡ್ಡ ಪಾಲಿಪ್‌ನ ಗಟ್ಟಿ ಹವಳಗಳಿಗೆ 80ರಿಂದ 150. ಅಕ್ರೊಪೊರಾದಂಥ ಸಣ್ಣ ಪಾಲಿಪ್‌ನವಕ್ಕೆ 200ರಿಂದ 350 ಬೇಕು. ಹೊಸಬರು ಅಕ್ರೊಪೊರಾದ ಆಸೆ ಬಿಡಬೇಕು. ಅಗ್ಗದ ದೀಪದಿಂದ 300 ಪಾರ್ ಹೊರಡಿಸಬಹುದು, ಅದು ಕಷ್ಟವಲ್ಲ. ಆದರೆ ಅಷ್ಟು ಬೆಳಕಿಗೆ ತಕ್ಕಂತೆ ಕ್ಷಾರತೆ, ಕ್ಯಾಲ್ಸಿಯಂ, ಪೋಷಕಾಂಶಗಳನ್ನು ಪುಟ್ಟ ತೊಟ್ಟಿಯಲ್ಲಿ ಸ್ಥಿರವಾಗಿ ಇಡುವುದು ಕಷ್ಟ. ತಳದಲ್ಲಿ 60, ಬಂಡೆಯ ತುದಿಯಲ್ಲಿ 150 ಸಿಗುವಂತಿದ್ದರೆ ಚೆಲುವಾದ ಹವಳಗಳ ದೊಡ್ಡ ಪಟ್ಟಿಯೇ ನಿಮ್ಮ ಮುಂದೆ ತೆರೆದುಕೊಳ್ಳುತ್ತದೆ.

2. ತೊಟ್ಟಿಯನ್ನು ಅಳೆಯಿರಿ

ಉದ್ದ, ಅಗಲ, ಮತ್ತು ಮರಳಿನಿಂದ ನೀರಿನ ಮೇಲ್ಮೈವರೆಗಿನ ಆಳ. ಗಾಜಿನ ಎತ್ತರ ಲೆಕ್ಕಕ್ಕಿಲ್ಲ.

3. ಡಬ್ಬಿಯ ಮೇಲಿನ ಅಂಕಿಗಳನ್ನು ಜರಡಿ ಹಿಡಿಯಿರಿ

ಲೂಮೆನ್ ಅಂಕಿಯನ್ನು ಮೊದಲೇ ಬದಿಗಿಡಿ. ಅದು ಮನುಷ್ಯನ ಕಣ್ಣಿಗಾಗಿ ಮಾಡಿದ ಅಳತೆ. ನಮ್ಮ ಕಣ್ಣು ಹಗಲಿನಲ್ಲಿ ಅತಿ ಚುರುಕಾಗಿರುವುದು 555 ನ್ಯಾನೊಮೀಟರಿನ ಹಸಿರು ಬೆಳಕಿಗೆ; ಜೂಜ್ಯಾಂತೆಲ್ಲೆಯ ವರ್ಣಕಗಳು ಹೆಚ್ಚಾಗಿ ಹೀರುವುದು 400ರಿಂದ 500ರೊಳಗಿನ ನೇರಳೆ, ನೀಲಿ ಬೆಳಕನ್ನು. ಹೀಗಾಗಿ ನಮಗೆ ಮಂಕಾಗಿ ಕಾಣುವ ನೀಲಿ ದೀಪ ಹವಳವನ್ನು ಸುಟ್ಟೇಬಿಡಬಹುದು, ಕಣ್ಣು ಕೋರೈಸುವ ಬಿಳಿ ದೀಪ ಅದನ್ನು ಉಪವಾಸ ಕೆಡವಬಹುದು. ‘ಇನ್ನೂ ಸ್ವಲ್ಪ ಮಂಕು’ ಎನ್ನುತ್ತಾ ಬೆಳಕು ಏರಿಳಿಸುವ ಡಿಮ್ಮರ್ ತಿರುಗಿಸುವವರ ತೊಟ್ಟಿಗಳು ಹಾಳಾಗುವುದು ಇಲ್ಲಿಯೇ.

ವ್ಯಾಟ್ ಅಂಕಿ ವಿದ್ಯುತ್ ಎಷ್ಟು ಉರಿಯುತ್ತದೆ ಎಂಬುದನ್ನು ಹೇಳುತ್ತದೆ. ಅಗ್ಗದ ದೀಪಗಳಲ್ಲಿ ಅದನ್ನೂ ಸರಿಯಾಗಿ ಹೇಳುವುದಿಲ್ಲ: ಒಳಗಿನ ಎಲ್‌ಇಡಿಗಳ ಗರಿಷ್ಠ ಸಾಮರ್ಥ್ಯವನ್ನು ಕೂಡಿಸಿ ದೊಡ್ಡ ಅಂಕಿ ಅಚ್ಚು ಹಾಕಿರುತ್ತಾರೆ, ಗೋಡೆಯ ಸಾಕೆಟ್ಟಿನಿಂದ ದೀಪ ಎಳೆಯುವುದು ಅದಕ್ಕಿಂತ ಬಹಳ ಕಡಿಮೆ. ‘ಫುಲ್ ಸ್ಪೆಕ್ಟ್ರಮ್’ ಎಂಬ ಪದಕ್ಕೆ ಯಾವ ಬೆಲೆಯನ್ನೂ ಕೊಡಬೇಡಿ.

ನೋಡಬೇಕಾದದ್ದು ಇಷ್ಟು. 450 ನ್ಯಾನೊಮೀಟರ್ ಆಸುಪಾಸಿನ ರಾಯಲ್ ಬ್ಲೂ ಎಲ್‌ಇಡಿಗಳು ಹೆಚ್ಚಿರಬೇಕು. ಅವುಗಳೊಂದಿಗೆ 470ರ ನೀಲಿ, 420ರ ನೇರಳೆ ಮತ್ತು ಬಿಳಿ ಎಲ್‌ಇಡಿಗಳು ಸ್ವಲ್ಪ ಸ್ವಲ್ಪ ಇರಲಿ. ನೀಲಿಗೂ ಬಿಳಿಗೂ ಬೇರೆ ಬೇರೆ ಡಿಮ್ಮರ್ ಕಡ್ಡಾಯ. ಡಿಮ್ಮರ್ ಇಲ್ಲದ ದೀಪವನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ ಎನ್ನಿ. ತಯಾರಕರು ಎತ್ತರ ಮತ್ತು ಆಳದ ಸಮೇತ ಪಾರ್ ನಕ್ಷೆ (ಎಲ್ಲೆಲ್ಲಿ ಎಷ್ಟು ಪಾರ್ ಬೀಳುತ್ತದೆ ಎಂಬ ಚಿತ್ರ) ಕೊಟ್ಟಿದ್ದರೆ ಆ ದೀಪಕ್ಕೆ ನನ್ನ ಮೊದಲ ಮತ. ಕೆಂಪು, ಹಸಿರು ಎಲ್‌ಇಡಿಗಳನ್ನು ಧಾರಾಳವಾಗಿ ತುಂಬಿರುವ ದೀಪಗಳು ಬೇಡ. ಕೆಂಪು ಬೆಳಕನ್ನು ಸಮುದ್ರದ ನೀರು ಮೊದಲ ಕೆಲವು ಮೀಟರುಗಳಲ್ಲೇ ಹೀರಿಬಿಡುತ್ತದೆ, ಹವಳಗಳು ಅದನ್ನು ನೆಚ್ಚಿಕೊಂಡು ಬೆಳೆದವಲ್ಲ. ಸಿಹಿನೀರಿನ ಗಿಡಗಳಿಗಾಗಿ ಮಾಡಿದ 6500 ಕೆಲ್ವಿನ್ (ಹಗಲಿನಂಥ ಬಿಳುಪಿನ) ದೀಪಗಳೂ ಈ ಕೆಲಸಕ್ಕೆ ಸಲ್ಲವು. ಮಾಮೂಲಿ ಬಿಳಿ ದೀಪಕ್ಕೆ ನೀಲಿ ಹಾಳೆ ಅಂಟಿಸುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಹಾಳೆ ಹೊಸ ನೀಲಿಯನ್ನು ಹುಟ್ಟಿಸುವುದಿಲ್ಲ; ಉಳಿದ ಬಣ್ಣಗಳನ್ನು ತಡೆದು ಇದ್ದ ಬೆಳಕನ್ನೂ ಕಡಿಮೆ ಮಾಡುತ್ತದೆ.

ಮಿಂಚು, ಮೋಡ, ಬೆಳದಿಂಗಳು ತೋರಿಸುವ ಮೊಬೈಲ್ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ. ಆ ದುಡ್ಡು ಒಳ್ಳೆಯ ಪವರ್ ಸಪ್ಲೈ ಮತ್ತು ಸದ್ದಿಲ್ಲದ ಫ್ಯಾನ್ ಇರುವ ದೀಪಕ್ಕೆ ಹೋಗಲಿ; ಅಗ್ಗದ ದೀಪಗಳಲ್ಲಿ ಮೊದಲು ಕೈಕೊಡುವುದು ಆ ಎರಡೇ. ಟಿ5 ಎಂಬ ಸಪೂರ ಫ್ಲೋರೊಸೆಂಟ್ ಟ್ಯೂಬುಗಳ ಬೆಳಕು ತೊಟ್ಟಿಯ ಮೂಲೆಮೂಲೆಗೂ ಸಮನಾಗಿ ಬೀಳುತ್ತದೆ, ನಿಜ. ಆದರೆ ಒಂಬತ್ತರಿಂದ ಹನ್ನೆರಡು ತಿಂಗಳಿಗೊಮ್ಮೆ ಅವನ್ನು ಬದಲಿಸುತ್ತಿರಬೇಕು, ಅಗ್ಗ ಅನ್ನಿಸಿದ್ದು ಅಲ್ಲಿಗೆ ಮುಗಿಯಿತು. ಹಳೆಯ ಎಲ್‌ಇಡಿ ದೀಪ ಕೈಬದಲಾಗಿ ಸಿಕ್ಕರೆ ಧೈರ್ಯವಾಗಿ ಕೊಳ್ಳಬಹುದು; ಹಚ್ಚಿ ನೋಡಿ, ಎಲ್ಲ ಎಲ್‌ಇಡಿಗಳೂ ಬೆಳಗುತ್ತಿವೆಯೇ, ಲೆನ್ಸ್ ಹಳದಿಗಟ್ಟಿದೆಯೇ, ಸರ್ಕ್ಯೂಟ್‌ನಲ್ಲಿ ಉಪ್ಪಿನ ಪುಡಿ ಕಟ್ಟಿದೆಯೇ ಎಂದು ಪರೀಕ್ಷಿಸಿ.

4. ತೂಗುಹಾಕಿ

ನೀರಿನಿಂದ 20ರಿಂದ 30 ಸೆಂಟಿಮೀಟರ್ ಮೇಲೆ. ಆಳ ಕಡಿಮೆಯಿರುವ ತೊಟ್ಟಿಗೆ 90 ಅಥವಾ 120 ಡಿಗ್ರಿಯ ಅಗಲ ಲೆನ್ಸ್ ಬೇಕು; 60 ಡಿಗ್ರಿಯದಾದರೆ ನಡುವೆ ಸುಡುವ ಮಚ್ಚೆ, ಸುತ್ತ ಕತ್ತಲೆ. ತೊಟ್ಟಿ 60 ಸೆಂಟಿಮೀಟರಿಗಿಂತ ಉದ್ದವಿದ್ದರೆ ಒಂದು ದೊಡ್ಡ ದೀಪದ ಬದಲು ಎರಡು ಚಿಕ್ಕ ದೀಪಗಳನ್ನು ಮಂದವಾಗಿ ಹಚ್ಚಿ: ಬಂಡೆಯ ನೆರಳು ಕಡಿಮೆಯಾಗುತ್ತದೆ, ಒಂದು ಕೆಟ್ಟರೂ ಇನ್ನೊಂದು ಹವಳವನ್ನು ಕಾಯುತ್ತದೆ. ತಂತಿ ಸಾಕೆಟ್ಟಿಗಿಂತ ಕೆಳಗೆ ಜೋತು ಬಂದು ಆಮೇಲೆ ಮೇಲೇರಲಿ, ಆಗ ತಂತಿಯಲ್ಲಿ ಜಾರಿದ ಉಪ್ಪುನೀರು ಅಲ್ಲೇ ತೊಟ್ಟಿಕ್ಕುತ್ತದೆ. ಸೋರಿಕೆ ವಿದ್ಯುತ್ ಕಂಡೊಡನೆ ಕಡಿತಗೊಳಿಸುವ ಬ್ರೇಕರ್ ಇಲ್ಲದೆ ಈ ಹವ್ಯಾಸಕ್ಕೆ ಕೈ ಹಾಕಲೇಬೇಡಿ.

5. ಪ್ರಖರತೆ ಹೊಂದಿಸುವುದು

ನಿಧಾನವಾಗಿ ಓದಬೇಕಾದ ಭಾಗ ಇದು. ಮಂದ ಬೆಳಕಿನಲ್ಲಿದ್ದ ಹವಳದ ಪಾಚಿಗಳು ಸಿಕ್ಕಷ್ಟನ್ನೂ ಹಿಡಿದುಕೊಳ್ಳಲು ವರ್ಣಕಗಳನ್ನು ಹೆಚ್ಚಾಗಿ ತುಂಬಿಕೊಂಡಿರುತ್ತವೆ. ಅದೇ ಹವಳ ಒಮ್ಮೆಗೇ ಪ್ರಖರ ದೀಪದಡಿ ಬಂದರೆ ಆ ಪಾಚಿಗಳು ಬಳಸಲಾಗದಷ್ಟು ಬೆಳಕನ್ನು ಹಿಡಿಯುತ್ತವೆ, ಹಾನಿಕಾರಕ ಆಮ್ಲಜನಕ ರೂಪಗಳು ಹುಟ್ಟುತ್ತವೆ, ಹವಳ ತನ್ನನ್ನು ಉಳಿಸಿಕೊಳ್ಳಲು ಪಾಚಿಗಳನ್ನೇ ಹೊರಹಾಕುತ್ತದೆ. ಬಿಳಿಚುವುದೆಂದರೆ ಇದೇ. ಇದು ನಮ್ಮ ಕಣ್ಣಿಗೆ ಬೀಳುವುದು ದಿನಗಳು ಕಳೆದ ಮೇಲೆ. ಇಂದು ಹವಳ ಅರಳಿದೆ ಎಂದು ನಾಳೆ ಬೆಳಕು ಏರಿಸಿದರೆ, ನಿನ್ನೆಯ ಪೆಟ್ಟು ಇನ್ನೂ ಕಾಣಿಸಿಕೊಂಡಿರುವುದಿಲ್ಲ. ಏರಿಕೆ ವಾರಕ್ಕೊಮ್ಮೆಗಿಂತ ಬೇಗ ಬೇಡ ಎನ್ನುವುದು ಈ ಕಾರಣಕ್ಕೆ.

ಪಾರ್ ಮಾಪಕ ದುಬಾರಿ, ಕೊಳ್ಳಬೇಕಿಲ್ಲ. ಹವ್ಯಾಸಿಗಳಿಂದ ಒಂದು ದಿನಕ್ಕೆ ಎರವಲು ಪಡೆಯಿರಿ ಅಥವಾ ಬಾಡಿಗೆಗೆ ತನ್ನಿ. ಪಂಪುಗಳನ್ನು ನಿಲ್ಲಿಸಿ, ಅಲೆಯಾಡುವ ನೀರಿನಲ್ಲಿ ಅಂಕಿ ಕುಣಿಯುತ್ತಲೇ ಇರುತ್ತದೆ. ಸಂವೇದಕ ನೇರ ಮೇಲ್ಮುಖವಾಗಿರಲಿ. ಮರಳಿನ ನಡುಭಾಗ, ಮರಳಿನ ಒಂದು ಮೂಲೆ, ಬಂಡೆಯ ಅರ್ಧ ಎತ್ತರ, ಬಂಡೆಯ ತುದಿ, ಈ ನಾಲ್ಕು ಕಡೆ ದೀಪದ ಮೂರು ಮಟ್ಟಗಳಲ್ಲಿ ಅಳೆದು ಕಾಗದದಲ್ಲಿ ಬರೆದುಕೊಳ್ಳಿ. ನೀರಿನೊಳಗೆ ಅಳೆದಾಗ ತಯಾರಕರು ಹೇಳಿದ ಅಂಶದಿಂದ ಗುಣಿಸಬೇಕಾಗುತ್ತದೆ. ಮಾಪಕದ ಕೈಪಿಡಿಯಲ್ಲಿ ಅದು ಇರುತ್ತದೆ. ಹಳೆಯ ಮಾದರಿಯ ಮಾಪಕಗಳು ನೀಲಿ ಬೆಳಕನ್ನು ಕಡಿಮೆ ತೋರಿಸುತ್ತವೆ ಎಂಬುದೂ ನೆನಪಿರಲಿ. ಕಣ್ಣಿಗೆ ಕಾಣುವ ಬೆಳಕನ್ನು ಅಳೆಯುವ ಮೊಬೈಲಿನ ಲಕ್ಸ್ ಆ್ಯಪ್‌ನಿಂದ ಪಾರ್ ಲೆಕ್ಕ ಹಾಕಲು ಹೋಗಬೇಡಿ. ಬಿಸಿಲಿಗೆ ಹೊಂದುವ ಸೂತ್ರ ನೀಲಿ ಎಲ್‌ಇಡಿಗೆ ಹೊಂದುವುದಿಲ್ಲ.

ಮಾಪಕ ಸಿಗದಿದ್ದರೆ ತಯಾರಕರ ನಕ್ಷೆಯನ್ನು ನಂಬಿ, ಆದರೆ ಅದು ಹೇಳಿದ ಮಟ್ಟದ ಅರ್ಧಕ್ಕಿಂತ ಕೆಳಗಿನಿಂದ ಆರಂಭಿಸಿ. ನಕ್ಷೆಯೂ ಇಲ್ಲವೆಂದರೆ ನೀಲಿ 25 ಶೇಕಡಾ, ಬಿಳಿ 5 ಶೇಕಡಾ. ಹೊಸ ಹವಳವನ್ನು ಮರಳಿನ ಮೇಲೆ, ದೀಪದ ನೇರ ಕೆಳಗಲ್ಲದೆ ಬದಿಗೆ ಇಡಿ. ವಾರ ಕಳೆದ ಮೇಲೆ ನೀಲಿಯನ್ನು 5 ಶೇಕಡಾ ಏರಿಸಿ, ಬಿಳಿಯನ್ನು ಮುಟ್ಟಬೇಡಿ. ಒಂದು ವಾರದಲ್ಲಿ ಒಂದೇ ಬದಲಾವಣೆ: ಬೆಳಕು ಏರಿಸಿದ ವಾರ ಹವಳದ ಜಾಗ ಬದಲಿಸಬಾರದು.

ಏರಿಸುತ್ತಾ ಹೋದಂತೆ ಹವಳವನ್ನು ಓದಲು ಕಲಿಯಬೇಕು. ಝೊಯಾಂಥಿಡ್‌ಗಳು ಕಾಂಡ ನೀಳವಾಗಿಸಿ ಮೇಲಕ್ಕೆ ಚಾಚುತ್ತಿದ್ದರೆ ಬೆಳಕು ಸಾಲದು. ಮಷ್ರೂಮ್ ತೆಳ್ಳಗೆ ಹರಡಿಕೊಂಡು ತಟ್ಟೆಯಾಗಿದ್ದರೂ ಅದೇ ಅರ್ಥ. ಮುದುಡಿ ಅಂಚು ಮಡಿಸಿಕೊಂಡರೆ ಬೆಳಕು ಹೆಚ್ಚಾಗಿದೆ. ಯೂಫಿಲಿಯಾ ಮಾತ್ರ ನೀರಿನ ಹರಿವು ಹೆಚ್ಚಿದಾಗಲೂ ಒಳಸರಿಯುತ್ತದೆ, ಆದ್ದರಿಂದ ಮೊದಲು ಪಂಪಿನ ದಿಕ್ಕು ನೋಡಿ. ಬಣ್ಣ ಮಾಸುತ್ತಿರುವಾಗ ತಪ್ಪು ದೀಪದ್ದೋ ನೀರಿನದೋ ಎಂಬ ಗೊಂದಲ ಸಹಜ. ಆಗ ಹವಳವನ್ನು ಬದಿಯಿಂದ, ಕಣ್ಣು ಗಾಜಿಗೆ ತಾಗುವಷ್ಟು ಹತ್ತಿರದಿಂದ ನೋಡಿ. ದೀಪಕ್ಕೆ ಮುಖ ಮಾಡಿದ ಮೇಲ್ಭಾಗ ಪೇಲವವಾಗಿ, ಅಂಗಾಂಶದಡಿಯ ಅಸ್ಥಿಪಂಜರದ ಗೆರೆಗಳು ಬಿಳಿಯಾಗಿ ಇಣುಕುತ್ತಿದ್ದು, ನೆರಳಿನಲ್ಲಿರುವ ಕೆಳಅಂಚು ಇನ್ನೂ ಬಣ್ಣ ಉಳಿಸಿಕೊಂಡಿದ್ದರೆ ಅದು ಬಹುಮಟ್ಟಿಗೆ ದೀಪದ ಕೆಲಸ. ಮೇಲೆ ಕೆಳಗೆ ಒಂದೇ ಸಮ ಪೇಲವವಾಗಿದ್ದರೆ ನೀರಿನ ಪರೀಕ್ಷೆ ಮಾಡಿ, ನೈಟ್ರೇಟ್ ಮತ್ತು ಫಾಸ್ಫೇಟ್ ಶೂನ್ಯಕ್ಕೆ ಇಳಿದಿಲ್ಲವಲ್ಲ ಎಂದು ಖಚಿತಪಡಿಸಿಕೊಳ್ಳಿ.

ಬಿಳಿಚುವ ಲಕ್ಷಣ ಕಂಡರೆ ದೀಪವನ್ನು ಪೂರ್ತಿ ಆರಿಸಿ ಕತ್ತಲೆ ಮಾಡಬೇಡಿ. ಅಳಿದುಳಿದ ಪಾಚಿಗೆ ಬೆಳಕು ಬೇಕು. ಮೂರನೇ ಒಂದು ಭಾಗ ಇಳಿಸಿ ಅಥವಾ ಹವಳವನ್ನು ನೆರಳಿಗೆ ಸರಿಸಿ, ಸಣ್ಣ ಕಣಗಳ ಆಹಾರ ಕೊಡುತ್ತಾ ಕಾಯಿರಿ. ಅಂಗಾಂಶ ಜೀವಂತವಿದ್ದರೆ ಬಣ್ಣ ಮರಳಲು ತಿಂಗಳುಗಳೇ ಬೇಕಾಗಬಹುದು.

6. ಟೈಮರ್ ಹಾಕಿ

ದಿನಕ್ಕೆ 8ರಿಂದ 10 ಗಂಟೆ, ಪ್ರತಿದಿನ ಒಂದೇ ಹೊತ್ತಿಗೆ. ಮಂದ ದೀಪವನ್ನು 14 ಗಂಟೆ ಉರಿಸಿ ಸರಿದೂಗಿಸಲು ಹೋಗಬೇಡಿ. ಗಾಜಿನ ಮೇಲಿನ ಪಾಚಿಗೇ ಅದರ ಲಾಭ. ಲೆನ್ಸಿನ ಮೇಲೆ ಕೂರುವ ಉಪ್ಪನ್ನು ವಾರಕ್ಕೊಮ್ಮೆ, ದೀಪ ಆರಿಸಿ ತಣಿದ ಮೇಲೆ, ಶುದ್ಧ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ. ತಿಂಗಳುಗಟ್ಟಲೆ ಒರೆಸದೆ ಬಿಟ್ಟಿದ್ದರೆ, ಒರೆಸಿದ ದಿನ ಡಿಮ್ಮರನ್ನು ತುಸು ಇಳಿಸಿಡಿ: ಉಪ್ಪು ತಡೆದಿದ್ದ ಬೆಳಕು ಅಂದು ಒಮ್ಮೆಗೇ ಹವಳದ ಮೇಲೆ ಬೀಳುತ್ತದೆ.